ಮತ್ತೆ ಬಂಡೆಯಾಗುವ ಅದಿರು

ಕ್ಯಾಮೆರಾದ ಸೆನ್ಸರ್ ಕಂಡದ್ದನ್ನು ಕಂಡಂತೆ ಬರೆದಿಟ್ಟ ಕಡತವೇ ರಾ ಫೈಲ್. ಜೆಪೆಗ್‌ನಲ್ಲಿ ಪ್ರತಿ ಬಣ್ಣಕ್ಕೆ 256 ಹಂತ. 14 ಬಿಟ್‌ನ ರಾ ಫೈಲಿನಲ್ಲಿ 16,384. ಕೋಲಾರ ಚಿನ್ನದ ಗಣಿಯ ಉರಿಗಾಂ ಸುತ್ತಿನ ಸೈನೈಡ್ ದಿಬ್ಬಗಳನ್ನು ನಡುಮಧ್ಯಾಹ್ನ ತೆಗೆದವರಿಗೆ ಈ ಅಂತರದ ಬೆಲೆ ಗೊತ್ತು. ಜೆಪೆಗ್‌ನಲ್ಲಿ ಬೆಳ್ಳಗೆ ಬಿಳಿಚಿಕೊಂಡ ಮೋಡ ರಾ ಫೈಲಿನಲ್ಲಿ ಎಷ್ಟೋ ಸಲ ಜೀವಂತ ಸಿಗುತ್ತದೆ.

ಅದಿರನ್ನು ಕುಟ್ಟಿ ಪುಡಿಮಾಡಿ, ಸೈನೈಡ್ ದ್ರಾವಣದಿಂದ ಚಿನ್ನ ಹೀರಿಕೊಂಡ ಮೇಲೆ ಉಳಿದ ಹುಡಿಯೇ ಈ ದಿಬ್ಬ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು, ದಿಬ್ಬ ಉಳಿಯಿತು. ಅದನ್ನು ಮರಳಿ ಬಂಡೆ ಮಾಡುವ ‘ಅನ್‌ಡು’ ಗುಂಡಿ ಯಾವ ಗಣಿ ಇಂಜಿನಿಯರಿಗೂ ಸಿಕ್ಕಲಿಲ್ಲ. ಮುಕ್ತ ತಂತ್ರಾಂಶದಲ್ಲಿ ಫೋಟೊ ತಿದ್ದುವವರಿಗೆ ಸಿಕ್ಕಿದೆ.

ಅಂಥದೊಂದು ತಂತ್ರಾಂಶವಾದ ಡಾರ್ಕ್‌ಟೇಬಲ್ ರಾ ಫೈಲಿನ ಚಿತ್ರವನ್ನು ಮುಟ್ಟುವುದೇ ಇಲ್ಲ. ಬೆಳಕು ಇಷ್ಟು ಏರಲಿ, ನೆರಳು ಇಷ್ಟು ತಿಳಿಯಾಗಲಿ ಎಂಬ ಸೂಚನೆಗಳನ್ನು ಪಕ್ಕದಲ್ಲೇ ಎಕ್ಸ್‌ಎಂಪಿ ಎಂಬ ಪುಟ್ಟ ಕಡತದಲ್ಲಿ ಬರೆದಿಡುತ್ತದೆ. ರಾಬರ್ಟ್‌ಸನ್‌ಪೇಟೆಯ ಮದುವೆ ಆಲ್ಬಂಗೆ ಇದಕ್ಕಿಂತ ಉಪಕಾರಿ ಇನ್ನೊಂದಿಲ್ಲ. “ಹುಡುಗನ್ನ ಸ್ವಲ್ಪ ಬೆಳ್ಳಗೆ ಮಾಡಿ ಅಣ್ಣಾ” ಎಂದ ಸೋದರಮಾವನೇ ಮರುದಿನ ಬಂದು “ಯಾರಣ್ಣಾ ಇವನು?” ಎಂದರೆ, ಹಿಸ್ಟರಿ ಪಟ್ಟಿಯ ಹಳೆಯ ಹಂತವೊಂದನ್ನು ಒತ್ತಿದರೆ ಸಾಕು, ಹುಡುಗ ತನ್ನ ಬಣ್ಣಕ್ಕೆ ಮರಳುತ್ತಾನೆ. ಎರಡೂ ಕಡೆಯ ಬೀಗರನ್ನು ಒಲಿಸಬೇಕಾದರೆ ‘ಡೂಪ್ಲಿಕೇಟ್’ ಉಂಟು: ರಾ ಫೈಲ್ ಒಂದೇ, ಎಕ್ಸ್‌ಎಂಪಿ ಎರಡು.

ಇನ್ನೊಂದು ಮುಕ್ತ ತಂತ್ರಾಂಶ ರಾಥೆರಪಿಯದೂ ಇದೇ ಹಾದಿ. ಆದರೆ ಅದರ ಟಿಪ್ಪಣಿ ಪಿಪಿ3 ಕಡತದಲ್ಲಿ. ಒಂದರ ಬರಹ ಇನ್ನೊಂದಕ್ಕೆ ಓದಲು ಬಾರದು. ಹಾಗಾಗಿ ಒಂದು ಚಿತ್ರವನ್ನು ಎರಡರಲ್ಲೂ ಅರ್ಧರ್ಧ ತಿದ್ದಹೊರಟರೆ ಎರಡು ಅರೆಬೆಂದ ಚಿತ್ರಗಳು ಕೈಗೆ ಬರುತ್ತವೆ.

ಚಿತ್ರ ತಿದ್ದುವ ಮತ್ತೊಂದು ಮುಕ್ತ ತಂತ್ರಾಂಶ ಗಿಂಪ್‌ನ ಸರದಿ ಕೊನೆಗೆ. ಡಾರ್ಕ್‌ಟೇಬಲ್‌ನಿಂದ 16 ಬಿಟ್ ಟಿಫ್ ಆಗಿ ಹೊರಟ ಚಿತ್ರ ಇಲ್ಲಿಗೆ ಬರುವಾಗ ರಾ ಆಗಿ ಉಳಿದಿರುವುದಿಲ್ಲ. ಮೊದಲೆಲ್ಲ ಇಲ್ಲಿ ಹಾಕಿದ ಫಿಲ್ಟರ್ ಚಿತ್ರದಲ್ಲೇ ಬೆರೆತುಹೋಗುತ್ತಿತ್ತು. 2025ರ ಮಾರ್ಚ್‌ನಲ್ಲಿ ಬಂದ 3.0 ಆವೃತ್ತಿಯಿಂದ ಫಿಲ್ಟರನ್ನು ಲೇಯರಿನ ಮೇಲೆ ಹಾಗೇ ಇರಿಸಿ, ಬೇಕೆಂದಾಗ ಬದಲಿಸಬಹುದು, ಬೇಡವಾದಾಗ ಆರಿಸಬಹುದು. ಗಣಿಯ ಹೆಡ್‌ಗೇರ್ ಗೋಪುರಕ್ಕೆ ಅಡ್ಡ ಬಂದ ಕರೆಂಟು ತಂತಿ ಅಳಿಸುವ ಕೆಲಸಕ್ಕೆ ಈ ಸೌಲಭ್ಯ ಒದಗದು; ಅದನ್ನು ಹೊಸ ಲೇಯರಿನಲ್ಲಿ ಮಾಡಿ, ಗಿಂಪ್‌ನದೇ ಆದ ಎಕ್ಸ್‌ಸಿಎಫ್ ಕಡತವಾಗಿ ಉಳಿಸಬೇಕು.

ಡಿಸ್ಕ್ ತುಂಬಿತೆಂದು ಏನಾದರೂ ಅಳಿಸಲೇಬೇಕಾದರೆ ಜೆಪೆಗ್ ಅಳಿಸಿ. ಅದನ್ನು ಬೇಕೆಂದಾಗ ಮತ್ತೆ ಹೊರತೆಗೆಯಬಹುದು. ರಾ ಫೈಲನ್ನೂ ಅದರ ಪಕ್ಕದ ಪುಟ್ಟ ಕಡತವನ್ನೂ ಮಾತ್ರ ಅಗಲಿಸಬೇಡಿ.