ಕಾಫಿಗೆ ಕಡ್ಲೆಪುರಿ ಹಾಕುವವರು

ಹೊರಗೆ ನೋಡಿದರೆ ಇವರ ಗುಟ್ಟು ಗೊತ್ತಾಗುವುದಿಲ್ಲ. ಬ್ಯಾಂಕಿನಲ್ಲೋ ಸರ್ಕಾರಿ ಕಚೇರಿಯಲ್ಲೋ ದೊಡ್ಡ ಹುದ್ದೆ, ಐವತ್ತು ದಾಟಿದ ವಯಸ್ಸು, ಜೇಬಿನಲ್ಲಿ ಎರಡು ಪೆನ್ನು. ಮದುವೆಮನೆಯಲ್ಲಿ ಹೋಳಿಗೆ ಬಡಿಸಲು ಬಂದ ಹುಡುಗನಿಗೆ ಎಲೆಯ ಮೇಲೆ ಕೈ ಅಡ್ಡ ಹಿಡಿದು "ಶುಗರ್ ಇದೆಯಪ್ಪಾ" ಅನ್ನುತ್ತಾರೆ. 2023 ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವಾದಾಗ ನವಣೆ, ಸಾಮೆ, ಹಾರಕ ಎಂದು ಇಡೀ ಕಚೇರಿಗೆ ಉಪದೇಶ ಮಾಡಿದ್ದೂ ಇವರೇ. ಸದ್ಯಕ್ಕೆ ರಾಯರು ಎನ್ನೋಣ. ಬಡಾವಣೆಗೊಬ್ಬರಾದರೂ ಸಿಗುತ್ತಾರೆ.

ರಾಯರನ್ನು ನೋಡಬೇಕಾದದ್ದು ಸಂಜೆ, ಮನೆಯಲ್ಲಿ, ಷರಟು ಕಳಚಿ ಪಂಚೆ ಸುತ್ತಿದ ಮೇಲೆ. ಸ್ಟೀಲ್ ಲೋಟದಲ್ಲಿ ಫಿಲ್ಟರ್ ಕಾಫಿ ಬರುತ್ತದೆ. ಪಕ್ಕದಲ್ಲಿ ಒಂದು ಬಟ್ಟಲು ಕಡ್ಲೆಪುರಿ. ಒಂದು ಹಿಡಿ ಪುರಿ ಕಾಫಿಗೆ ಬೀಳುತ್ತದೆ. ಅಕ್ಕಿಯೊಳಗಿನ ತೇವ ಬಿಸಿ ಮರಳಿನಲ್ಲಿ ಆವಿಯಾಗಿ ಸಿಡಿದು ಕಾಳು ಉಬ್ಬಿರುತ್ತದಲ್ಲ, ಒಳಗೆಲ್ಲ ಬರೀ ಗಾಳಿ. ಹಾಗಾಗಿ ಪುರಿ ಮುಳುಗುವುದಿಲ್ಲ, ತೇಲುತ್ತದೆ. ಕೆಳಗಿನ ಪದರ ಮೆತ್ತಗಾಗಿರಬೇಕು, ಮೇಲಿನದು ಇನ್ನೂ ಗರಿಗರಿ ಅನ್ನುತ್ತಿರಬೇಕು. ಆ ಗಳಿಗೆಯಲ್ಲೇ ಚಮಚ ಇಳಿಯಬೇಕು. ಆ ಹೊತ್ತಿಗೆ ಜನರಲ್ ಮ್ಯಾನೇಜರರೇ ಫೋನ್ ಮಾಡಿದರೂ ರಾಯರು ಎತ್ತುವುದಿಲ್ಲ. ಪುರಿ ಮುಗಿದ ಮೇಲೆ ತಳದಲ್ಲಿ ಉಳಿಯುವ ಕದಡಿದ ಕಾಫಿಯನ್ನು ಲೋಟ ಎತ್ತಿ ಸುರಿದುಕೊಳ್ಳುವಾಗ ಬರುವ ಸದ್ದು ಪಕ್ಕದ ಮನೆಗೂ ಕೇಳುತ್ತದೆ.

ಧಾರವಾಡದಿಂದ ಸೊಸೆಯಾಗಿ ಬಂದ ಪತ್ನಿ ಇದನ್ನು ಇಷ್ಟು ವರ್ಷವಾದರೂ ಒಪ್ಪಿಲ್ಲ. "ಕಾಫಿಯೊಳಗ ಚುರಮುರಿ ಹಾಕ್ತಾರೇನ್ರೀ ಯಾರರ? ಚುರಮುರಿ ಅಂದ್ರ ಗಿರ್ಮಿಟ್ ಮಾಡಬೇಕು, ಮಿರ್ಚಿ ಕಡಕೊಂಡು ತಿನಬೇಕು." ರಾಯರು ಸುಮ್ಮನಿರುವವರಲ್ಲ. "ನೀವು ಚಪಾತಿ ಸುರುಳಿ ಸುತ್ತಿ ಚಹಾದಲ್ಲಿ ಅದ್ದುತ್ತೀರಲ್ಲ, ಅದು ಯಾವ ಸೀಮೆ ಪದ್ಧತಿ ಕಣೇ?" ಇಬ್ಬರಿಗೂ ತಮ್ಮದು ಊಟದ ಕ್ರಮ, ಇನ್ನೊಬ್ಬರದು ವಿಕಾರ. ಈ ಜಾತಿಯವರ ಮುಖ್ಯ ಲಕ್ಷಣವೇ ಇದು. ಒಬ್ಬರನ್ನೊಬ್ಬರು ಕಂಡರೆ ಸಂಘ ಕಟ್ಟುವುದಿಲ್ಲ, ಮೂಗು ಮುರಿಯುತ್ತಾರೆ.

ಹಾಗೆ ನೋಡಿದರೆ ಆಕೆಯೂ ಕಡಿಮೆಯಿಲ್ಲ. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವ, ಕೈ ತೊಳೆಯುವ ಆರು ಹಂತಗಳನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸಿದ ಈ ಟೀಚರಮ್ಮನ ವ್ಯಾನಿಟಿ ಬ್ಯಾಗಿನಲ್ಲಿ ಹುಣಸೆ ಚಿಗಳಿ ಇರುತ್ತದೆ. ಹುಣಸೆಹಣ್ಣು, ಉಪ್ಪು, ಜೀರಿಗೆ, ಬೆಲ್ಲ, ಬ್ಯಾಡಗಿ ಮೆಣಸಿನಕಾಯಿ ಹಾಕಿ ಕುಟ್ಟಿ, ಉಂಡೆ ಮಾಡಿ, ಕಡ್ಡಿಗೆ ಚುಚ್ಚಿದ್ದು. ಅದು ಪೊರಕೆ ಕಡ್ಡಿಯೇ ಆಗಬೇಕು. ಐಸ್‌ಕ್ರೀಮ್ ಕಡ್ಡಿಯಲ್ಲಿ ರುಚಿ ಬರುವುದಿಲ್ಲವಂತೆ. ಹೊಸ ಪೊರಕೆ ಅನ್ನುವುದಷ್ಟೇ ವಿಜ್ಞಾನಕ್ಕೆ ಕೊಟ್ಟ ರಿಯಾಯಿತಿ.

ರಾಯರ ಸಹೋದ್ಯೋಗಿ ಮಂಗಳೂರಿನ ಕಡೆಯವರು. ಪಂಚತಾರಾ ಹೋಟೆಲಿನ ಬ್ರೇಕ್‌ಫಾಸ್ಟ್ ಬಫೆಯಲ್ಲಿ ಅರವತ್ತು ಬಗೆ ಇಟ್ಟಿದ್ದರೂ ಅವರ ಮನಸ್ಸು ಮನೆಯ ಕುಚ್ಚಲಕ್ಕಿ ಗಂಜಿ ಮತ್ತು ಮಳೆಗಾಲಕ್ಕೆಂದು ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ತೊಳೆಯ ಮೇಲೆ. ಆ ಭರಣಿ ತೆರೆದಾಗಿನ ವಾಸನೆಯ ಬಗ್ಗೆ ಇಲ್ಲಿ ಬರೆಯದಿರುವುದೇ ಒಳ್ಳೆಯದು. ಅವರಿಗೆ ಮಾತ್ರ ಅದು ಅತ್ತರು.

ರಾಯರ ಎರಡನೆಯ ದೌರ್ಬಲ್ಯ ಪಾರ್ಲೆ-ಜಿ. ಮುಂಬೈನ ವಿಲೆ ಪಾರ್ಲೆಯಲ್ಲಿ 1939ರ ಹೊತ್ತಿಗೆ ಪಾರ್ಲೆ ಗ್ಲೂಕೋ ಎಂಬ ಹೆಸರಿನಲ್ಲಿ ಹುಟ್ಟಿದ ಈ ಬಿಸ್ಕತ್ತು ಲೋಟದ ತಳ ಸೇರುವುದರಲ್ಲಿ ನಿಸ್ಸೀಮ. ಬಿಸಿ ಪಾನೀಯಕ್ಕೆ ಅದ್ದಿದಾಗ ಹಿಟ್ಟನ್ನು ಹಿಡಿದಿಟ್ಟ ಸಕ್ಕರೆ ಕರಗಿ ಬಿಸ್ಕತ್ತು ಜಾರುತ್ತದೆ. ಲೆನ್ ಫಿಶರ್ ಎಂಬ ಭೌತವಿಜ್ಞಾನಿ ಇದರ ಲೆಕ್ಕ ಹಾಕಿ 1999ರಲ್ಲಿ ಇಗ್ ನೊಬೆಲ್ ಪಡೆದರು. ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗಳಿಗೆ ಕೊಡುವ ಬಹುಮಾನ ಅದು. ಬಿಸ್ಕತ್ತನ್ನು ನೆಟ್ಟಗೆ ಮುಳುಗಿಸಬೇಡಿ, ಅಡ್ಡಡ್ಡ ಹಿಡಿದು ಒಂದು ಮೈ ಮಾತ್ರ ನೆನೆಸಿ, ಒಣಗಿದ ಮೇಲ್ಮೈ ಅದನ್ನು ಹೊತ್ತುಕೊಳ್ಳುತ್ತದೆ ಎಂಬುದು ಅವರ ಸಲಹೆ. ರಾಯರು ಆ ಸುದ್ದಿಯನ್ನು ಕತ್ತರಿಸಿ ಪರ್ಸಿನಲ್ಲಿಟ್ಟುಕೊಂಡಿದ್ದಾರೆ. ತಿರುಪತಿ ತಿಮ್ಮಪ್ಪನ ಪಟದ ಹಿಂದೆ.

ವಿಜ್ಞಾನದ ಮೇಲೆ ಅವರಿಗೆ ಭಕ್ತಿ ಬಂದದ್ದು ಮಗಳಿಂದ. ಆಹಾರ ವಿಜ್ಞಾನ ಓದುವ ಆಕೆ ಒಮ್ಮೆ ಫಿಲಡೆಲ್ಫಿಯಾದ ಮೊನೆಲ್ ಕೇಂದ್ರದ ಜೂಲಿ ಮೆನೆಲ್ಲ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಅಧ್ಯಯನದ ಬಗ್ಗೆ ಹೇಳಿದಳು. ಬಸುರಿಯಾಗಿದ್ದಾಗಲೋ ಹಾಲೂಡಿಸುವಾಗಲೋ ತಾಯಂದಿರಿಗೆ ಕ್ಯಾರೆಟ್ ರಸ ಕುಡಿಸಿದ್ದರು. ಅವರ ಮಕ್ಕಳು ಮುಂದೆ ಕ್ಯಾರೆಟ್ ರುಚಿಯ ಗಂಜಿಯನ್ನು ಉಳಿದ ಕೂಸುಗಳಷ್ಟು ಮುಖ ಸಿಂಡರಿಸದೆ ತಿಂದವು. ರಾಯರು ಕುರ್ಚಿಯಿಂದ ಎದ್ದೇಬಿಟ್ಟರು. "ನೋಡೇ! ನಮ್ಮಮ್ಮ ಏಳು ತಿಂಗಳ ಬಸುರಿಯಾಗಿದ್ದಾಗ ದಿನಾ ಕಾಫಿ-ಪುರಿ ತಿಂದಿದ್ದಳಂತೆ. ತಪ್ಪು ನಂದಲ್ಲ." ಅಧ್ಯಯನ ಕ್ಯಾರೆಟ್ ಬಗ್ಗೆ ಎಂದು ಮಗಳು ಹೇಳುವಷ್ಟರಲ್ಲಿ ಅವರು ಕಾಂಗ್ರೆಸ್ ಕಡಲೆಕಾಯಿಯ ಪೊಟ್ಟಣ ಬಿಚ್ಚಿಯಾಗಿತ್ತು. ಅದು ಮೊಸರನ್ನದ ಮೇಲೆ ಉದುರಿಸಿಕೊಳ್ಳಲು. ಇದಕ್ಕೆ ಮಾತ್ರ ಮನೆಯಲ್ಲಿ ಯಾರದೂ ತಕರಾರಿಲ್ಲ, ಯಾಕೆಂದರೆ ಎಲ್ಲರೂ ಉದುರಿಸಿಕೊಳ್ಳುತ್ತಾರೆ.

ಇವೆಲ್ಲ ಹಗಲಿನ ಮಾತು. ರಾತ್ರಿಯ ವ್ಯವಹಾರ ಹಾರ್ಲಿಕ್ಸ್. ಜೇಮ್ಸ್ ಮತ್ತು ವಿಲಿಯಂ ಹಾರ್ಲಿಕ್ ಎಂಬ ಅಣ್ಣತಮ್ಮಂದಿರು 1883ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದದ್ದು ಕಲಸಿ ಕುಡಿಯಲೆಂದೇ ಮಾಡಿದ ಪುಡಿಗೆ. ಧ್ರುವ ಯಾತ್ರೆಗಳಿಗೆ ಹಣ ಕೊಟ್ಟ ವಿಲಿಯಂ ಹೆಸರು ಅಂಟಾರ್ಕ್ಟಿಕಾದ ಪರ್ವತಗಳಿಗೂ ಇದೆ. ಅಂಥ ಪುಡಿಯನ್ನು ರಾಯರು ನೀರು ಸೋಕಿಸದೆ, ದೀಪ ಹಾಕದೆ, ಚಮಚದಲ್ಲಿ ಬಾಯಿಗೆ ಹಾಕಿಕೊಳ್ಳುತ್ತಾರೆ. ಅದು ಅಂಗುಳಕ್ಕೆ ಅಂಟಬೇಕು, ನಾಲಿಗೆಯಿಂದ ಕೆರೆಯಬೇಕು. ಆ ಐದು ನಿಮಿಷ ಯಾರು ಮಾತಾಡಿಸಿದರೂ ಉತ್ತರ "ಹೂಂ" ಒಂದೇ.

ಸಕ್ಕರೆ ಮಟ್ಟ ಏರಿದಾಗ ಪತ್ನಿ ಉಪಾಯ ಹೂಡಿದರು. ಮೊಮ್ಮಕ್ಕಳಿಗೆಂದು ತಂದ ಹಾರ್ಲಿಕ್ಸನ್ನು ಹಳೆಯ ಡಬ್ಬಿಗೆ ಸುರಿದು ಮೇಲೆ "ಮೆಂತ್ಯ ಪುಡಿ" ಎಂದು ಚೀಟಿ ಅಂಟಿಸಿದರು. ರಾಯರು ಎರಡೇ ರಾತ್ರಿಯಲ್ಲಿ ಪತ್ತೆ ಹಚ್ಚಿದರು, ಯಾರಿಗೂ ಹೇಳಲಿಲ್ಲ.

ಮುಂದಿನ ತಪಾಸಣೆಯಲ್ಲಿ ಡಾಕ್ಟರು ರಿಪೋರ್ಟ್ ನೋಡಿ ಹುಬ್ಬು ಗಂಟಿಕ್ಕಿದರು. ಮನೆಮದ್ದು ಏನಾದರೂ ಮಾಡುತ್ತಿದ್ದೀರಾ ಎಂದು ಕೇಳಿದರು.

"ಇವರು ಮೆಂತ್ಯದ ಡಬ್ಬಿ ಬಿಟ್ಟು ಏಳೋದೇ ಇಲ್ಲ ನೋಡ್ರಿ ಡಾಕ್ಟ್ರ" ಎಂದರು ಪತ್ನಿ, ಗಂಡನ ಮುಖವನ್ನೇ ನೋಡುತ್ತ.

"ದಿನಾ ರಾತ್ರಿ ಎರಡು ಚಮಚ ಸಾರ್, ಒಂದು ದಿನವೂ ತಪ್ಪಿಸಿಲ್ಲ" ಎಂದರು ರಾಯರು.

"ಒಳ್ಳೆಯದು," ಎಂದು ಡಾಕ್ಟರು ಚೀಟಿ ಬರೆಯತೊಡಗಿದರು. "ಇನ್ನೊಂದು ಚಮಚ ಜಾಸ್ತಿ ಮಾಡಿ ನೋಡೋಣ."