ಮೀಸೆಯ ಮ್ಯಾಕ್ಸ್ ಅಸಂಗಿಗೆ ಬಂದದ್ದು

'ಸೆಂಚುರಿಯನ್ಸ್' ಕಾರ್ಟೂನನ್ನು ಜತ್ತ ತಾಲ್ಲೂಕಿನ ನಮ್ಮ ಅಸಂಗಿಯಲ್ಲಿ ನೋಡಿದವರಿಗಿಂತ ಕೇಳಿದವರೇ ಹೆಚ್ಚು. ಆದರೂ ಅದರ ಸುದ್ದಿ ತೆಗೆದರೆ ಸಾಕು, ದ್ರಾಕ್ಷಿ, ದಾಳಿಂಬೆ ಬೆಳೆದು ಸೊಸೈಟಿ ಸಾಲದ ಲೆಕ್ಕದಲ್ಲಿ ಮುಳುಗಿರುವ ನನ್ನ ಓರಗೆಯವರ ಮುಖ ಅರಳುತ್ತದೆ. 'ಏನ್ ಇತ್ತಲೇ ಆ ಕಾರ್ಟೂನ!' ಅನ್ನುತ್ತಾರೆ. ಇವರಲ್ಲಿ ಮುಕ್ಕಾಲು ಮಂದಿ ಅದರ ಒಂದು ಕಂತನ್ನೂ ಕಂಡವರಲ್ಲ. ಕಂಡವನು ನಾನು. ಅವರಿಗೆ ಸಿಕ್ಕಿದ್ದು ನನ್ನ ಬಾಯಿಂದ.

ಆಗ ಊರಿನಲ್ಲಿದ್ದದ್ದು ಮಾಳಿಗೆಯ ಮೇಲಿನ ಆಂಟೆನಾ, ಅದು ಹಿಡಿದುಕೊಟ್ಟಷ್ಟು ದೂರದರ್ಶನ. 1997ರಲ್ಲಿ ಶುರುವಾದ 'ಶಕ್ತಿಮಾನ್' ಗಿರಗಿರನೆ ತಿರುಗುವುದನ್ನು ನೋಡಿ ನಾವೂ ತಿರುಗಿ, ಅಂಗಳದಲ್ಲಿ ಬಿದ್ದು, ಅವ್ವಂದಿರ ಕೈಯಲ್ಲಿ ಬೈಸಿಕೊಳ್ಳುತ್ತಿದ್ದೆವು. ಜತ್ತದಲ್ಲಿದ್ದ ನಮ್ಮ ಮಾಮಾನ ಮನೆಗೆ ಮಾತ್ರ ಕೇಬಲ್ ಬಂದಿತ್ತು. ಕಾರ್ಟೂನ್ ನೆಟ್‌ವರ್ಕ್ ಭಾರತಕ್ಕೆ ಬಂದದ್ದು 1995ರಲ್ಲಿ. ಹಗಲೆಲ್ಲ ಕಾರ್ಟೂನು, ರಾತ್ರಿಯಾದರೆ ಅದೇ ಜಾಗದಲ್ಲಿ ಟಿಎನ್‌ಟಿ ಎಂಬ ಹೆಸರಿನಲ್ಲಿ ಹಳೆಯ ಇಂಗ್ಲಿಷ್ ಸಿನಿಮಾ. ಸೂಟಿಗೆ ಹೋದಾಗ ಹಗಲು ನನ್ನದು, ರಾತ್ರಿ ಮಾಮಾನದು. ಇಬ್ಬರಿಗೂ ಇಂಗ್ಲಿಷ್ ಬರುತ್ತಿರಲಿಲ್ಲ, ಹಾಗಾಗಿ ತಕರಾರೂ ಇರಲಿಲ್ಲ.

ಅಲ್ಲಿ ನಾನು ಕಂಡ ಸೆಂಚುರಿಯನ್ಸ್ ಅಂದರೆ ಮೂವರು ವೀರರು. ನೀರಿಗೆ ಮ್ಯಾಕ್ಸ್ ರೇ, ನೆಲಕ್ಕೆ ಜೇಕ್ ರಾಕ್‌ವೆಲ್, ಆಕಾಶಕ್ಕೆ ಏಸ್ ಮೆಕ್‌ಕ್ಲೌಡ್. ಮೈಗೆ ಅಂಟಿದ ಒಂದು ಲೋಹದ ಅಂಗಿ, ಅದರ ತುಂಬ ತೂತು. 'ಪವರ್ ಎಕ್ಸ್‌ಟ್ರೀಮ್!' ಎಂದು ಕೂಗಿದರೆ ಆಕಾಶದಲ್ಲಿ ತೇಲುವ ಸ್ಕೈವಾಲ್ಟ್ ಎಂಬ ಠಾಣೆಯಿಂದ ಕ್ರಿಸ್ಟಲ್ ಕೇನ್ ಎಂಬಾಕೆ ರೆಕ್ಕೆ, ತೋಪು, ಕ್ಷಿಪಣಿ ಏನು ಬೇಕೋ ಅದನ್ನು ಕಳಿಸುತ್ತಿದ್ದಳು. ಅವು ಬಂದು ಆ ತೂತುಗಳಿಗೆ ಖಟ್ ಖಟ್ ಎಂದು ಕೂತವೆಂದರೆ ಮನುಷ್ಯನೇ ಯುದ್ಧಯಂತ್ರ. ಎದುರಾಳಿ ಡಾಕ್ ಟೆರರ್, ಅರ್ಧ ಮನುಷ್ಯ, ಅರ್ಧ ಯಂತ್ರ. ಜೇಕನ ಶ್ಯಾಡೋ ಎಂಬ ನಾಯಿಯ ಬೆನ್ನಿಗೂ ಕ್ಷಿಪಣಿ ಕಟ್ಟಿರುತ್ತಿದ್ದರು. ಎಲ್ಲಕ್ಕಿಂತ ಹೆಚ್ಚಾಗಿ, ಮ್ಯಾಕ್ಸನಿಗೆ ಮೀಸೆ ಇತ್ತು. ಕಾರ್ಟೂನಿನ ವೀರರೆಂದರೆ ಹೊಸದಾಗಿ ಬೋಳಿಸಿಕೊಂಡ ಗಲ್ಲದವರೇ ಆಗಿದ್ದ ಕಾಲದಲ್ಲಿ, ನಮ್ಮ ಊರ ಪೋಲಿಸ್ ಪಾಟೀಲರಿಗೆ ಇದ್ದಂಥ ಮೀಸೆ. ಊರಿಗೆ ಬಂದು ನಾನು ಮೊದಲು ಹೇಳಿದ್ದು ಆ ಮೀಸೆಯನ್ನೇ. ಹುಡುಗರು ಆ ಕ್ಷಣದಿಂದ ಮ್ಯಾಕ್ಸನ ಕಡೆಯಾದರು.

ಹೇಳುವ ಜಾಗ ಗುಡಿಯ ಕಟ್ಟೆ, ಹೊತ್ತು ಲೈಟು ಹೋದ ಮೇಲೆ. ಲೋಡ್ ಶೆಡ್ಡಿಂಗ್ ನಮಗೆ ಕೊಟ್ಟ ಉಪಕಾರವನ್ನು ಯಾರೂ ಬರೆದಿಟ್ಟಿಲ್ಲ. ಕನ್ನಡ ಸಾಲೆಯ ಹುಡುಗರು, ಮರಾಠಿ ಸಾಲೆಯ ಹುಡುಗರು, ಎಲ್ಲ ಬಂದು ಕೂರುತ್ತಿದ್ದರು. ಆದರೆ ಬರೀ ಹೇಳಿದರೆ ಯಾರು ಕೇಳುತ್ತಾರೆ? ಅದು ತಾನಾಗಿ ದೊಡ್ಡಾಟವಾಯಿತು. ಒಬ್ಬ ಸಾರಥಿಯಾದ. ಡಾಕ್ ಟೆರರ್ ಸೀದಾ ಬರುವ ಹಾಗಿಲ್ಲ. ಮೊದಲು ಮರೆಯಲ್ಲಿ ನಿಂತು ಅಬ್ಬರಿಸಬೇಕು, ಆಮೇಲೆ ಕುಣಿಯುತ್ತ ಬರಬೇಕು, ಸಾರಥಿ ಕೇಳಿದ ಮೇಲೆ ತನ್ನ ಊರು, ಕುಲ, ಪರಾಕ್ರಮ ಎಲ್ಲ ಹೇಳಿಕೊಳ್ಳಬೇಕು. ಅವನ ಊರು ಸೊಲ್ಲಾಪುರ ಎಂದು ಯಾಕೆ ತೀರ್ಮಾನವಾಯಿತೋ ನೆನಪಿಲ್ಲ. ಕಟ್ಟೆಯ ತುದಿಗೆ ಕೂತು ಕೇಳುತ್ತಿದ್ದ ಮುತ್ಯಾ ಒಬ್ಬರು ಲೋಹದ ಅಂಗಿಯ ವರ್ಣನೆ ಮುಗಿದ ಮೇಲೆ, 'ಭುಜಕೀರ್ತಿ, ಎದೆಕಟ್ಟು ಅನ್ನಲೇ ತಮ್ಮಾ, ಅಷ್ಟಕ್ಯಾಕ ಇಷ್ಟು ಸುತ್ತಿ ಬಳಸಿ ಹೇಳ್ತಿ?' ಅಂದರು. ವಾದ ಮಾಡಲು ನನ್ನ ಹತ್ತಿರ ಏನೂ ಇರಲಿಲ್ಲ. ವೇಷಧಾರಿಯ ಭುಜಕ್ಕಿಂತ ಭುಜಕೀರ್ತಿ ದೊಡ್ಡದು, ಕಟ್ಟಿಕೊಂಡ ಮೇಲೆ ಅವನು ಅವನಲ್ಲ. ಅಮೆರಿಕದ ಲೇಖಕ ರಾಬರ್ಟ್ ಹೈನ್‌ಲೈನ್ ಇಂಥ ಯಂತ್ರದ ಅಂಗಿ ತೊಟ್ಟ ಸೈನಿಕರ ಕಾದಂಬರಿ ಬರೆದದ್ದು 1959ರಲ್ಲಿ. ನಮ್ಮವರು ಅಷ್ಟರೊಳಗೆ ಎಷ್ಟೋ ಆಟ ಆಡಿ ಮುಗಿಸಿದ್ದರು.

ಊರಿನಲ್ಲಿ ನಿಜವಾದ ಯಂತ್ರದ ಅಂಗಿಯೂ ಇತ್ತು. ಅದು ಔಷಧ ಹೊಡೆಯುವ ಬೆನ್ನಿನ ಪಂಪು. ಹದಿನಾರು ಲೀಟರಿನ ಡಬ್ಬಿ, ಎರಡು ಹೆಗಲಿಗೆ ಎರಡು ಪಟ್ಟಿ, ಎಡಗೈಯಲ್ಲಿ ಮೇಲೆ ಕೆಳಗೆ ಆಡಿಸುವ ಹಿಡಿಕೆ, ಬಲಗೈಯಲ್ಲಿ ಹಿತ್ತಾಳೆಯ ನಳಿಗೆ, ಮೂಗಿಗೆ ಟಾವೆಲ್ಲು. ಬೇಸಿಗೆಯಲ್ಲಿ ಅದನ್ನು ತೊಳೆದು ಬರೀ ನೀರು ತುಂಬಿ, ಸರದಿಯ ಮೇಲೆ ಹೊತ್ತು, 'ಪವರ್ ಎಕ್ಸ್‌ಟ್ರೀಮ್' ಎಂದು ಕೂಗಿ ಡಾಕ್ ಟೆರರನ ಮುಖಕ್ಕೆ ಹೊಡೆಯುತ್ತಿದ್ದೆವು. ಜತ್ತ ತಾಲ್ಲೂಕಿನಲ್ಲಿ ಬೇಸಿಗೆಯ ನೀರನ್ನು ಹೀಗೆ ಕಳೆದರೆ ಏನಾಗುತ್ತದೆ ಎಂದು ಆ ಕಡೆಯವರಿಗೆ ಹೇಳಬೇಕಿಲ್ಲ. ಟ್ಯಾಂಕರಿಗೆ ಕೊಡ ಹಚ್ಚಿ ನಿಂತಿದ್ದ ಆಯಿ ಒಬ್ಬಾಕೆ ನಮ್ಮನ್ನು ಓಡಿಸಿಕೊಂಡು ಬಂದ ವೇಗವನ್ನು ಯಾವ ವೀರನಲ್ಲೂ ನಾನು ಕಂಡಿಲ್ಲ. ಮೇಲಿನಿಂದ ಬೇಕಾದದ್ದನ್ನು ಕಳಿಸುವ ಕ್ರಿಸ್ಟಲ್ ಕೇನ್ ನಮಗೆ ಅಷ್ಟು ಮೆಚ್ಚುಗೆಯಾದದ್ದೂ ಇದಕ್ಕೇ ಇರಬೇಕು. ನಮ್ಮ ಕಡೆ ಕೂಗಿದ ತಕ್ಷಣ ಬರುವುದು ಯಾವುದೂ ಇರಲಿಲ್ಲ. ಮ್ಹೈಸಾಳ ಯೋಜನೆಯ ನೀರು ಬರುತ್ತದೆ, ಬರುತ್ತದೆ ಎಂದು ಕೇಳುತ್ತಲೇ ನಮಗೆ ಮೀಸೆ ಬಂತು.

ಇಂಥ ಅಂಗಿಯನ್ನು ನಿಜವಾಗಿ ಮಾಡಲು ಹೋದವರೂ ಇದ್ದಾರೆ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿ 1960ರ ದಶಕದಲ್ಲಿ 'ಹಾರ್ಡಿಮ್ಯಾನ್' ಎಂಬುದನ್ನು ಕಟ್ಟಿತು. ಅದರ ತೂಕ ಸುಮಾರು 680 ಕಿಲೋ. ಎತ್ತಬೇಕಾದ ಭಾರವೂ ಅಷ್ಟೇ. ಎಲ್ಲ ಅಂಗಗಳನ್ನು ಒಟ್ಟಿಗೆ ಆಡಿಸಲು ಹೋದರೆ ಅದು ಹುಚ್ಚು ಹಿಡಿದಂತೆ ಅಲ್ಲಾಡುತ್ತಿತ್ತಂತೆ. ಕೊನೆಗೆ ಮಾತು ಕೇಳಿದ್ದು ಒಂದು ಕೈ ಮಾತ್ರ. ನಮ್ಮ ಪಂಪಿನಲ್ಲಿ ಕಡೇಪಕ್ಷ ಎರಡೂ ಕೈ ಕೆಲಸ ಮಾಡುತ್ತಿದ್ದವು.

ಈಚೆಗೆ ಆ ಕಾರ್ಟೂನನ್ನು ಮತ್ತೆ ನೋಡಿದೆ, ಈ ಸಲ ಮಾತು ತಿಳಿದು. ಜ್ಯಾಕ್ ಕರ್ಬಿ, ಗಿಲ್ ಕೇನ್‌ರಂಥ ದೊಡ್ಡ ಕಾಮಿಕ್ಸ್ ಕಲಾವಿದರು ಅದಕ್ಕೆ ರೂಪ ಕೊಟ್ಟವರು. ಚಿತ್ರಗಳಲ್ಲಿ ಈಗಲೂ ಒಂದು ಗತ್ತಿದೆ. 1986ರಲ್ಲಿ ಬಂದ ಅದರ 65 ಕಂತುಗಳ ಬೆನ್ನಿಗಿದ್ದದ್ದು ಕೆನ್ನರ್ ಎಂಬ ಆಟಿಕೆ ಕಂಪನಿ. ಆ ಕಾಲದ ಅಮೆರಿಕದಲ್ಲಿ ಇಂಥವು ಬಹಳ ಬಂದವು: ಬೊಂಬೆ ಮಾರಲು ಕತೆ, ಕತೆ ನೋಡಿದ ಮಕ್ಕಳ ಹಟಕ್ಕೆ ಬೊಂಬೆ. ಅಂಗಿಯಲ್ಲಿ ಅಷ್ಟು ತೂತು ಯಾಕೆ ಎನ್ನುವುದು ಆಗ ಗೊತ್ತಾಯಿತು. ಬೊಂಬೆಗೆ ಸಿಕ್ಕಿಸುವ ಪ್ಲಾಸ್ಟಿಕ್ ಸಾಮಾನುಗಳಿಗೆ. ಜತ್ತದ ಯಾವ ಅಂಗಡಿಯಲ್ಲೂ ಆ ಬೊಂಬೆಯನ್ನು ನಾನು ಕಾಣಲಿಲ್ಲ. ಹೀಗಾಗಿ ಜಾಹೀರಾತನ್ನು ಪುಕ್ಕಟೆ ನೋಡಿ, ಸರಕು ಕೊಳ್ಳದೆ, ಕತೆಯನ್ನಷ್ಟೇ ಇಟ್ಟುಕೊಂಡವರು ನಾವು. ಗೆಳೆಯರನ್ನು ಕೂರಿಸಿ ಮೊಬೈಲಿನಲ್ಲಿ ಒಂದು ಕಂತು ತೋರಿಸಿದೆ. ಐದು ನಿಮಿಷಕ್ಕೆ ಒಬ್ಬ ಎದ್ದ. 'ಇದಲ್ಲೋ ಮಾರಾಯಾ, ಆ ಕಾರ್ಟೂನ ಬ್ಯಾರೆ' ಅಂದ. ಡಾಕ್ ಟೆರರ್ ಕುಣಿಯಲೇ ಇಲ್ಲ ಎನ್ನುವುದು ಅವನ ಆಕ್ಷೇಪ. ನನ್ನ ತೀರ್ಪೂ ಅದೇ. ಅಸಂಗಿಯ ಪ್ರತಿಯೇ ಮೇಲು.

ಮಕ್ಕಳಿಗೆ ಕನ್ನಡದಲ್ಲಿ ಕಾರ್ಟೂನು ತೋರಿಸುವ ಚಿಂಟು ಟಿವಿ ಬಂದದ್ದು 2009ರಲ್ಲಿ, ನಾವು ಬೆಳೆದು ಕೈಬಿಟ್ಟ ಮೇಲೆ. ಈ ಹಳೆಯ ಸರಕಿಗೆ ಯಾರಾದರೂ ಇನ್ನು ಮುಂದೆ ಕನ್ನಡದ ದನಿ ಕೊಡುವುದಾದರೆ ಅವರಲ್ಲಿ ಒಂದು ವಿನಂತಿ. ಮೀಸೆಯ ಮ್ಯಾಕ್ಸ್ ಜತ್ತದ ಕಡೆಯ ಕನ್ನಡ ಆಡಲಿ, ಏಸ್ ಬೇಕಾದರೆ ಧಾರವಾಡದವನಾಗಲಿ. ಬೆಂಗಳೂರಿನ ಕನ್ನಡವನ್ನು ದಯವಿಟ್ಟು ಡಾಕ್ ಟೆರರನಿಗೆ ಕೊಡಿ. ಅರ್ಧ ಮನುಷ್ಯ, ಅರ್ಧ ಯಂತ್ರ ಆದವನ ಬಾಯಲ್ಲಿ ಅರ್ಧ ಕನ್ನಡ, ಅರ್ಧ ಇಂಗ್ಲಿಷ್ ಚೆನ್ನಾಗಿ ಒಪ್ಪುತ್ತದೆ.