ಎಂಬಿಎ ಪ್ರವೇಶ ವಯೋನಿರ್ಣಯ: ಒಂದು ಬಹುಆಯಾಮಿ ಪರಾಮರ್ಶೆ

ಮಾನವಪ್ರಾಣಿಯೊಂದು ಯಾವ ವಯೋಬಿಂದುವಿನಲ್ಲಿ ನಿರ್ವಹಣಾಪ್ರಜ್ಞಾ-ಗ್ರಹಣಕ್ಷಮತೆಯನ್ನು ಪಡೆದು ಎಂಬಿಎಗೆ ಅರ್ಹವಾಗುತ್ತದೆ ಎಂಬ ಸಮಸ್ಯೆಯನ್ನು ಪ್ರಸ್ತುತ ಪ್ರಬಂಧವು ಅಂತರ್‌ಶಿಸ್ತೀಯ ಹಾಗೂ ಸಾಧ್ಯವಾದಷ್ಟು ದುರ್ಬೋಧ ಪರಿಪ್ರೇಕ್ಷ್ಯದಲ್ಲಿ ಪರಾಮರ್ಶಿಸುತ್ತದೆ. ಓಟು ಹಾಕಲು 18, ಗಂಡಿನ ಮದುವೆಗೆ 21 ಎಂದು ಕಾನೂನು ಗೆರೆ ಎಳೆದಿದೆ. ಎಂಬಿಎಗೆ ಅಂಥ ಗೆರೆಯಿಲ್ಲದಿರುವುದರಿಂದ ಅಭ್ಯರ್ಥಿಗಳನ್ನು ಅಪಕ್ವ, ಈಷತ್ಪಕ್ವ, ಸುಪಕ್ವ, ಅತಿಪಕ್ವ ಎಂದು ವಿಂಗಡಿಸಲಾಗಿದೆ. ಅಪಕ್ವರಿಗೆ, ಅಂದರೆ ಪಿಯುಸಿ ಮುಗಿಸಿದವರಿಗೆ, ಇಂದೋರಿನ ಐಐಎಂ 2011ರಲ್ಲೇ ಐದು ವರ್ಷದ ಕೋರ್ಸು ತೆರೆಯಿತು. ಈಷತ್ಪಕ್ವರು ಕ್ಯಾಟ್ ಬರೆಯಬಹುದು. ಡಿಗ್ರಿಯಲ್ಲಿ ನಿಗದಿತ ಅಂಕವಿದ್ದರಾಯಿತು, ಒಂದು ದಿನವೂ ದುಡಿದಿರಬೇಕಿಲ್ಲ. ಸುಪಕ್ವರಿಗೆ ಅಹಮದಾಬಾದಿನ ಐಐಎಂ 2006ರಲ್ಲಿ ಒಂದು ವರ್ಷದ ಕೋರ್ಸು ತಂದಿತು: ವಯಸ್ಸು 25 ಆಗಿರಬೇಕು, ನಾಲ್ಕು ವರ್ಷದ ಅನುಭವ ಬೇಕು. ಅತಿಪಕ್ವರ ಲಕ್ಷಣಗಳನ್ನು ವಿವರಿಸುವ ಅಗತ್ಯವಿಲ್ಲ. ಅವರಿಗೂ ಶನಿವಾರ-ಭಾನುವಾರದ ತರಗತಿಗಳು ಸಿದ್ಧವಾಗಿವೆ. ಹೀಗೆ ಎಲ್ಲ ವರ್ಗಕ್ಕೂ ಬಾಗಿಲು ತೆರೆದಿರುವಾಗ ವರ್ಗೀಕರಣದಿಂದ ಪ್ರಯೋಜನವಿಲ್ಲ, ಅದನ್ನು ಇಲ್ಲಿಗೇ ಬಿಡೋಣ.

ಪೂರ್ವಪಕ್ಷಿಗಳು ಇದಕ್ಕೆ ಪಕ್ವತಾವಾದವನ್ನು ಮುಂದಿಡುತ್ತಾರೆ. ಹಾರ್ವರ್ಡಿನ ಸಹಯೋಗದಲ್ಲಿ 1961ರಲ್ಲಿ ಶುರುವಾದ ಅಹಮದಾಬಾದಿನ ಸಂಸ್ಥೆ ಕೇಸ್ ಪದ್ಧತಿಯ ಪಾಠವನ್ನು ನಮ್ಮಲ್ಲಿ ಬೇರೂರಿಸಿತು. ವಿದ್ಯಾರ್ಥಿ ತಾನೇ ಮ್ಯಾನೇಜರ್ ಎಂದುಕೊಂಡು ನಿರ್ಧಾರ ಕೈಗೊಳ್ಳಬೇಕಾದ ಕಲಿಕೆ ಅದು, ಕೆಲಸ ಮಾಡಿದ ಅನುಭವವಿಲ್ಲದವನಿಗೆ ತಲೆಗೆ ಹತ್ತುವುದಿಲ್ಲ ಎನ್ನುತ್ತಾರೆ. ಸರಿಯಾದ ಮಾತೇ. ಆದರೆ ಪಿಯುಸಿ ಹುಡುಗರ ಕೋರ್ಸಿನ ಪ್ರಸ್ತಾಪ ಬಂದೊಡನೆ ಇದೇ ವಲಯದವರು ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎನ್ನತೊಡಗುತ್ತಾರೆ. ನಲವತ್ತರವನು ಬಂದರೆ ಕಲಿಕೆಗೆ ವಯಸ್ಸಿನ ಹಂಗಿಲ್ಲ! ಹದಿನೆಂಟಕ್ಕೂ ನಲವತ್ತಕ್ಕೂ ಸಮಾನವಾಗಿ ಅನ್ವಯಿಸುವ ಸಿದ್ಧಾಂತ ವಯಸ್ಸಿನ ಕುರಿತದ್ದಾಗಿರಲು ಸಾಧ್ಯವಿಲ್ಲ. ಆದ್ದರಿಂದ ನಮ್ಮ ನಿರ್ಣಯ: ಫೀಸು ಕಟ್ಟಲು, ಇಲ್ಲವೇ ಸಾಲಪತ್ರಕ್ಕೆ ರುಜು ಹಾಕಲು ಶಕ್ತನಾದ ಕ್ಷಣವೇ ಎಂಬಿಎಗೆ ಸೂಕ್ತ ವಯೋಬಿಂದು.

ಇದು ಸಿನಿಕತನ, ಅನುಭವಸ್ಥರು ತರಗತಿಯಲ್ಲಿದ್ದರೆ ಒಬ್ಬರಿಂದೊಬ್ಬರು ಕಲಿಯುತ್ತಾರೆ ಎಂಬ ಆಕ್ಷೇಪವಿದೆ. ಅದನ್ನೂ ಒಪ್ಪೋಣ. ಆದರೆ ಅನುಭವವೆಂದು ಲೆಕ್ಕಕ್ಕೆ ಹಿಡಿಯುವುದು ಯಾವುದನ್ನು? ಸಾಮಾನ್ಯವಾಗಿ ಡಿಗ್ರಿಯ ನಂತರದ ಪೂರ್ಣಾವಧಿ ನೌಕರಿಯನ್ನು ಮಾತ್ರ. ಶಾಲೆ ಬಿಟ್ಟೊಡನೆ ಅಪ್ಪನ ಕಿರಾಣಿ ಅಂಗಡಿಯ ಗಲ್ಲಾದಲ್ಲಿ ಕೂರುವ ಹುಡುಗಿ, ಯಾರಿಗೆ ಉದ್ರಿ ಕೊಡಬಹುದು, ಯಾರಿಗೆ ನಗುತ್ತಲೇ ಇಲ್ಲವೆನ್ನಬೇಕು ಎಂಬುದನ್ನು ಎಂಟನೆಯ ಕ್ಲಾಸಿಗೇ ಬಲ್ಲಳು. ಗೌರಿ ಹಬ್ಬಕ್ಕೆ ಬೆಲ್ಲ ಎಷ್ಟು ತರಿಸಬೇಕು, ಉಳಿದರೆ ಗತಿಯೇನು ಎಂದು ಅವಳು ಎಣಿಸಿರುತ್ತಾಳೆ. ಸಾಲದ ಪುಸ್ತಕದ ಅಂಚಿನಲ್ಲಿ ಪೆನ್ಸಿಲ್ಲಿನ ಗುರುತು ಹಾಕಿ, ಕಂತು ತಪ್ಪಿಸಿದವರ ಹೆಸರು ನೆನಪಿಟ್ಟಿರುತ್ತಾಳೆ. ಅರ್ಜಿಯ ಅನುಭವದ ಕಾಲಮ್ಮಿನಲ್ಲಿ ಅವಳದು ಸೊನ್ನೆ. ಸಾಫ್ಟ್‌ವೇರ್ ಕಂಪನಿಯಲ್ಲಿ ಪ್ರಾಜೆಕ್ಟ್ ಸಿಗದೆ ಬೆಂಚಿನ ಮೇಲೆ ಎರಡು ವರ್ಷ ಕಾಫಿ ಕುಡಿದವನದು ಇಪ್ಪತ್ತನಾಲ್ಕು ತಿಂಗಳು. ಇದನ್ನು ಅಳತೆಯೆಂದು ಕರೆಯಲು ನಾಚಿಕೆಯಾಗಬೇಕು.

ಇನ್ನು ಪಾರಿಭಾಷಿಕ ಪದಗಳು ಸಾಕು. ಹೆಸರಾಂತ ಸಂಸ್ಥೆಗೆ ಸೇರಿದವನಿಗೆ ಬ್ಯಾಂಕು ಅಡಮಾನವಿಲ್ಲದೆ ಲಕ್ಷಗಟ್ಟಲೆ ಸಾಲ ಕೊಡುತ್ತದೆ. ಯಾರೂ ಹೆಸರು ಕೇಳಿರದ ಕಾಲೇಜಿಗೆ ಸೇರಿದವನ ಸಾಲ 7.5 ಲಕ್ಷ ದಾಟಿದರೆ ಸಾಮಾನ್ಯವಾಗಿ ಆಸ್ತಿಯ ಕಾಗದ ಕೇಳುತ್ತದೆ. ಬರೀ ಬಿಕಾಂಗೆ ಏನೂ ಸಿಗಲ್ಲ ಎಂದು ನೆಂಟರೆಲ್ಲ ಹೇಳಿದ್ದಕ್ಕೆ, ತಾಲ್ಲೂಕು ಊರಿನ ಹುಡುಗ ಅಪ್ಪನ ಪಹಣಿ ಹಿಡಿದು ಬೆಂಗಳೂರಿಗೆ ಬರುತ್ತಾನೆ. ಎರಡು ವರ್ಷದ ನಂತರ ಬೈಕಿನಲ್ಲಿ ಮನೆಮನೆ ಸುತ್ತಿ ವಿಮೆ ಮಾರುವ, ತಿಂಗಳ ಟಾರ್ಗೆಟ್ ಮುಟ್ಟದಿದ್ದರೆ ಬೈಗುಳ ತಿನ್ನುವ ಕೆಲಸ ಸಿಗುತ್ತದೆ. ಆ ಕೆಲಸ ಬಿಕಾಂಗೇ ಸಿಗುತ್ತಿತ್ತು. ಕಂತು ಮಾತ್ರ ಹೊಸದು. ಅವನಿಗೆ ವಯಸ್ಸು ಕಡಿಮೆಯಾಯಿತೇ, ಹೆಚ್ಚಾಯಿತೇ ಎಂದು ಯಾವ ಸೆಮಿನಾರೂ ಕೇಳುವುದಿಲ್ಲ. ಅವನ ಅಪ್ಪ ಕೇಳುತ್ತಾನೆ, ಅದಕ್ಕೆ ಉತ್ತರ ಕೊಡುವವರಿಲ್ಲ.

ಆದ್ದರಿಂದ ಮಕ್ಕಳನ್ನು ಎಂಬಿಎಗೆ ಸೇರಿಸಲು ಹೊರಟವರಲ್ಲಿ ಒಂದು ವಿನಂತಿ. ಪ್ರಾಸ್ಪೆಕ್ಟಸ್ಸಿನ ಮೊದಲ ಪುಟದಲ್ಲಿ ಟೈ ಕಟ್ಟಿ ನಗುವವನ ಸಂಬಳ ನೋಡಬೇಡಿ. ಕಳೆದ ವರ್ಷ ಪಾಸಾದವರಲ್ಲಿ ನಟ್ಟನಡುವಿನವನಿಗೆ ಎಷ್ಟು ಸಿಕ್ಕಿತು, ಏನೂ ಸಿಗದವರು ಎಷ್ಟು ಮಂದಿ ಎಂಬುದನ್ನು ಲಿಖಿತವಾಗಿ ಕೇಳಿ. ಕೊಡದಿದ್ದರೆ ಪಹಣಿಯನ್ನು ಟ್ರಂಕಿನಿಂದ ತೆಗೆಯಬೇಡಿ.